ಕಳೆ ಹೊಡೆಯೋ ಮಷಿನ್ನೂ ನನ್ನ ಕೀವರ್ಡೂ

ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬ ಹುಡುಗ ಕೇಳೇ ಕೇಳ್ತಾನೆ, "ಅಣ್ಣಾ, ಅಫಿಲಿಯೇಟ್ ಮಾರ್ಕೆಟಿಂಗ್‌ನಲ್ಲಿ ದುಡ್ಡು ಬರುತ್ತಂತೆ, ಹೌದಾ? ಯಾವ ವಿಷಯ ಹಿಡಿದ್ರೆ ಲಾಭ?" ಬರುತ್ತೆ, ನನಗೂ ಬಂದಿದೆ. ಆದರೆ ಮೊದಲ ಸಲ ಬಂದ ಐನೂರು ಚಿಲ್ಲರೆ ರೂಪಾಯಿಯ ಕತೆ ಹೇಳದೆ ಉತ್ತರ ಕೊಟ್ಟರೆ ಅದು ಅರ್ಧ ಉತ್ತರ.

ನಮ್ಮೂರು ಆನೇಮಹಲ್. ಸಕಲೇಶಪುರ ದಾಟಿ ಮಂಗಳೂರು ದಾರಿ ಹಿಡಿದರೆ ಮಂಜರಾಬಾದ್ ಕೋಟೆಗಿಂತ ಮೊದಲೇ ಸಿಗುತ್ತೆ. ಕೋಟೆ ನೋಡೋಕೆ ಹೋಗುವವರಿಗೆ ನಾವು ದಾರಿಬದಿಯ ಒಂದು ಬೋರ್ಡು, ಅಷ್ಟೇ. ನಮ್ಮದು ನಾಲ್ಕೆಕರೆ ಕಾಫಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸು. ಬಿ.ಇ. ಮುಗಿಸಿ ಬೆಂಗಳೂರು ಸೇರಿದ್ದ ನಾನು 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ವಾಪಸ್ ಬಂದೆ. ಹಗಲೆಲ್ಲ ಆಫೀಸಿನ ಕೆಲಸ. ರಾತ್ರಿ ಕಾಫಿ ಕಣದ ಮೂಲೆಯಲ್ಲಿ ಮಾತ್ರ ಸಿಗುವ ನೆಟ್‌ವರ್ಕ್ ಹಿಡಿದು ಸೈಡ್ ಇನ್‌ಕಮ್ಮಿನ ಕನಸು.

ಅಫಿಲಿಯೇಟ್ ಅಂದರೆ ದಲ್ಲಾಳಿ ಕೆಲಸವೇ. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಅಡಿ ಬೆರಳು ಹಿಡಿದು ಮಾಡುವುದನ್ನು ಇಲ್ಲಿ ಒಂದು ಲಿಂಕ್ ಮಾಡುತ್ತೆ. ನಾವು ಬರೆದದ್ದು ಓದಿ, ನಮ್ಮ ಲಿಂಕ್ ಒತ್ತಿ ಯಾರಾದರೂ ಕೊಂಡರೆ ನಮಗೆ ಕಮಿಷನ್. ಅಮೆಜಾನ್ ಇದನ್ನು 1996ರಲ್ಲೇ ಶುರು ಮಾಡಿತ್ತು. ಹಾಗಾಗಿ ಹೊಸದೇನಲ್ಲ. ಕಷ್ಟ ಇರೋದು ಯಾವ ವಿಷಯ ಹಿಡಿಯಬೇಕು ಅನ್ನೋದರಲ್ಲಿ. ಇದಕ್ಕೇ ನಿಶ್ ಅಂತಾರೆ. ಅದನ್ನು ಹುಡುಕೋ ದಾರಿ, ಜನ ಗೂಗಲ್‌ನಲ್ಲಿ ಯಾವ ಪದ ಹೊಡೆದು ಕೇಳ್ತಾರೆ ಅಂತ ನೋಡೋದು.

ಗೂಗಲ್‌ನದೇ ಕೀವರ್ಡ್ ಪ್ಲಾನರ್ ತೆಗೆದು ಕೂತೆ. ಜಾಹೀರಾತಿಗೆ ದುಡ್ಡು ಹಾಕದವನಿಗೆ ಅದು ಸರಿಯಾದ ಸಂಖ್ಯೆ ಕೊಡಲ್ಲ. ತಿಂಗಳಿಗೆ ನೂರರಿಂದ ಸಾವಿರ, ಸಾವಿರದಿಂದ ಹತ್ತು ಸಾವಿರ ಅಂತ ಅಂದಾಜು ಹೇಳುತ್ತೆ. ಮೊದಲು "ಸಕಲೇಶಪುರ ಹೋಂಸ್ಟೇ" ಹಾಕಿದೆ. ಹುಡುಕುವವರು ಬೇಕಾದಷ್ಟು. ಆದರೆ ಗೂಗಲ್‌ನ ಮೊದಲ ಪುಟದಲ್ಲಿ ದೊಡ್ಡ ದೊಡ್ಡ ಪ್ರವಾಸಿ ಕಂಪನಿಗಳೇ ಕೂತಿದ್ದವು. ಪ್ಲಾನರ್‌ನಲ್ಲಿ ಸ್ಪರ್ಧೆ ಅಂತ ಒಂದು ಕಾಲಂ ಇರುತ್ತೆ. ಅದು ಜಾಹೀರಾತುದಾರರ ಪೈಪೋಟಿಯೇ ಹೊರತು ನಮ್ಮ ಪುಟ ಮೇಲೆ ಬರೋಕೆ ಎಷ್ಟು ಕಷ್ಟ ಅನ್ನೋದಲ್ಲ. ಅದನ್ನು ತಿಳಿಯೋಕೆ ಮೊದಲ ಪುಟವನ್ನು ಕಣ್ಣಾರೆ ನೋಡಬೇಕು.

ಆಮೇಲೆ "ಬೋರ್ಡೋ ದ್ರಾವಣ ಮಾಡುವುದು ಹೇಗೆ". ಸ್ಪರ್ಧೆ ಕಮ್ಮಿ, ನನಗೂ ಗೊತ್ತಿರೋ ವಿಷಯ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಆದರೆ ಇದನ್ನು ಕೇಳುವವನು ತಿಳ್ಕೊಳ್ಳೋಕೆ ಬಂದವನು, ಕೊಳ್ಳೋಕಲ್ಲ. ಓದಿ ಮುಗಿಸಿ ಪೇಟೆಯ ಅಂಗಡಿಗೆ ಹೋಗ್ತಾನೆ. ಪದದ ಹಿಂದೆ ಇರೋ ಉದ್ದೇಶ ನೋಡಬೇಕು ಅನ್ನೋದು ಅಲ್ಲಿ ಗೊತ್ತಾಯ್ತು.

ಮೂರನೆಯದು "ಕಳೆ ಹೊಡೆಯೋ ಮಷಿನ್ ಬೆಲೆ". ಸಂಖ್ಯೆ ತೀರಾ ಸಣ್ಣದು. ಆದರೆ ಬೆಲೆ ಅಂತ ಸೇರಿಸಿ ಹುಡುಕುವವನ ಕೈ ಆಗಲೇ ಜೇಬಿನಲ್ಲಿರುತ್ತೆ. ಅಂಗಡಿಯವರು ಬ್ರಷ್ ಕಟರ್ ಅಂತ ಬರೀತಾರೆ. ನಮ್ಮ ಕಡೆಯವರು ಫೋನ್ ಬಾಯಿಗೆ ಹಿಡಿದು "ಕಳೆ ಹೊಡೆಯೋ ಮಷಿನ್" ಅಂತಾರೆ. ಆ ಪದಕ್ಕೆ ಕನ್ನಡದಲ್ಲಿ ನೆಟ್ಟಗೆ ಒಂದು ಪುಟವೂ ಸಿಗಲಿಲ್ಲ. ಮಷಿನ್‌ಗೆ ಹನ್ನೊಂದು ಸಾವಿರ ಅಂದರೆ ಶೇ. 5ರ ಕಮಿಷನ್ನಲ್ಲಿ 550 ರೂಪಾಯಿ. ಸಿಕ್ಕಿತಲ್ಲ ನಿಶ್ ಅಂತ ಕುಣಿದೆ.

ಐದು ಮಷಿನ್‌ಗಳ ಬಗ್ಗೆ ಬರೆದೆ. ಐದರಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಕಂಪನಿಯವರು ಕೊಟ್ಟ ವಿವರ, ಕೊಂಡವರು ಕೊಟ್ಟ ಸ್ಟಾರು ಎಲ್ಲ ಸೇರಿಸಿ ಕನ್ನಡ ಮಾಡಿದೆ. ಮೊದಲನೆಯದಕ್ಕೆ "ಮಲೆನಾಡಿನ ಇಳಿಜಾರಿಗೆ ಹೇಳಿ ಮಾಡಿಸಿದ್ದು" ಅಂತ ಒಂದು ಸಾಲು ಸೇರಿಸಿದೆ. ಮಳೆ ಹಿಡಿಯೋ ಹೊತ್ತಿಗೆ ಪುಟ ಮೇಲೆ ಬಂತು. ಒಂದು ದಿನ 550 ರೂಪಾಯಿ ತೋರಿಸಿತು. ರಿಪೋರ್ಟ್‌ನಲ್ಲಿ ಕೊಂಡವರ ಹೆಸರಿರಲ್ಲ. ಯಾರೋ ಪುಣ್ಯಾತ್ಮ ಅಂದ್ಕೊಂಡೆ.

ಪುಣ್ಯಾತ್ಮ ನಮ್ಮ ಚಿಕ್ಕಪ್ಪ. ಗೌರಿ ಹಬ್ಬಕ್ಕೆ ಅವರ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಮಷಿನ್ ಮೂಲೆಗೆ ಒರಗಿತ್ತು.

"ಎಂತ ಚಿಕ್ಕಪ್ಪ, ಹೊಸದಾ?"

"ಹೊಸದೇ ಮಾರಾಯ. ಇಪ್ಪತ್ತು ದಿನ ಓಡ್ತು, ನಿಂತ್ಹೋಯ್ತು. ಪೇಟೆಯಲ್ಲಿ ಇದರ ಪಾರ್ಟೇ ಸಿಗಲ್ವಂತೆ. ಫೋನಲ್ಲಿ ನೋಡಿ ತರಿಸ್ದೆ ಕಣೋ. ಕನ್ನಡದಲ್ಲಿ ಯಾರೋ ಚೆನ್ನಾಗಿ ಬರ್ದಿದ್ರು, ಮಲೆನಾಡಿನ ಇಳಿಜಾರಿಗೆ ಹೇಳಿ ಮಾಡಿಸಿದ್ದು ಅಂತ."

ನನ್ನ ಸಾಲು ಅವರ ಬಾಯಲ್ಲಿ ಕೇಳಿ ಕೈಯಲ್ಲಿದ್ದ ಕಡುಬು ಗಂಟಲಿಗೆ ಇಳೀಲಿಲ್ಲ. ಬರೆದವನು ನಾನೇ ಅಂದೆ. ಚಿಕ್ಕಪ್ಪ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಯಾರಿಗಾದ್ರೂ ದನ ಕೊಡಿಸಬೇಕಾದ್ರೆ ಹಲ್ಲು ಹಿಡಿದು ನೋಡ್ತಿದ್ದ" ಅಂದರು. ಅಷ್ಟೇ.

ಮಾರನೆ ದಿನ ಪುಟ ತೆಗೆದುಹಾಕಿದೆ. ಪಕ್ಕದ ತೋಟಗಳಲ್ಲಿ ಇದ್ದ ಮೂರು ಮಷಿನ್ ಬೇಡಿ ತಂದು ನಮ್ಮ ತೋಟದಲ್ಲಿ ಓಡಿಸಿದೆ. ಇಳಿಜಾರಿನಲ್ಲಿ ಹೆಗಲಿಗೆ ನೇತುಹಾಕೋದಕ್ಕಿಂತ ಬೆನ್ನಿಗೆ ಹೊರುವುದು ವಾಸಿ. ನೈಲಾನ್ ದಾರ ಎಳೆ ಕಾಫಿ ಗಿಡದ ಬುಡಕ್ಕೆ ತಾಗಿದರೆ ತೊಗಟೆ ಸುಲಿಯುತ್ತೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿಗೆ ಆಯಿಲ್ ಬೆರೆಸೋದು ಮರೆತರೆ ಇಂಜಿನ್ ಹೋಯ್ತು ಅಂತಲೇ ಲೆಕ್ಕ. ಇದನ್ನೆಲ್ಲ ಬರೆದು, ಹತ್ತಿರದ ಪೇಟೆಯಲ್ಲಿ ರಿಪೇರಿಯವನಿಲ್ಲದ ಮಷಿನ್ ಕೊಳ್ಳಬೇಡಿ ಅಂತ ಮೊದಲ ಸಾಲಿನಲ್ಲೇ ಹಾಕಿದೆ. ಲಿಂಕ್ ಒತ್ತಿದರೆ ನನಗೆ ಕಮಿಷನ್ ಬರುತ್ತೆ ಅಂತಲೂ ಹಾಕಿದೆ. ಮಾರಾಟ ಕಮ್ಮಿಯಾಯ್ತು. ಈಗ ಬರುವ ದುಡ್ಡು ತಿಂಗಳ ಪೆಟ್ರೋಲಿಗೆ ಸಾಕು, ಇನ್ನೇನಕ್ಕೂ ಸಾಲಲ್ಲ.

ಹಾಗಾಗಿ ಕೇಳುವ ಹುಡುಗರಿಗೆ ನಾನು ಹೇಳೋದಿಷ್ಟು. ಎಷ್ಟು ಜನ ಹುಡುಕ್ತಾರೆ, ಕೊಳ್ಳೋಕೆ ಹುಡುಕ್ತಾರಾ, ಮೊದಲ ಪುಟದಲ್ಲಿ ಯಾರಿದ್ದಾರೆ, ಈ ಮೂರನ್ನೂ ನೋಡಿ. ಅದನ್ನು ಕಂಪ್ಯೂಟರ್ ಹೇಳುತ್ತೆ. ಕೊಂಡವನು ಎದುರಿಗೆ ಬಂದು ನಿಂತರೆ ಉತ್ತರ ಕೊಡೋಕಾಗುತ್ತಾ ಅನ್ನೋದನ್ನ ಮಾತ್ರ ನೀವೇ ನೋಡ್ಕೋಬೇಕು.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಮೆಣಸು ಕುಯ್ಯೋಕೆ ಅಲ್ಯೂಮಿನಿಯಂ ಏಣಿ ಬೇಕಂತೆ. ಒಂದು ಹೆಸರು ಹೇಳೋಕೆ ಹೋದೆ.

"ತಡಿ," ಅಂದರು, "ನೀನು ಹತ್ತಿ ನೋಡಿದೀಯಾ?"