ಎಂಸಿಜಿಯಲ್ಲಿ ಎರಡು ದಿನ

ಮೆಲ್ಬರ್ನ್‌ಗೆ ಓದೋಕೆ ಬಂದ ಯಾವ ಭಾರತೀಯ ಸ್ಟೂಡೆಂಟ್‌ನ ಕೇಳಿ, ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಇದ್ದೇ ಇರುತ್ತೆ. ಅಲ್ಲಿನವರ ಬಾಯಲ್ಲಿ ಅದು ಬರೀ ‘ಜಿ’. 1853ರಲ್ಲಿ ಶುರುವಾದ ಈ ಮೈದಾನದಲ್ಲಿ ಈಗ ಸುಮಾರು ಒಂದು ಲಕ್ಷ ಜನ ಹಿಡಿಸುತ್ತಾರೆ, ನಮ್ಮ ಚಿನ್ನಸ್ವಾಮಿಗಿಂತ ಎರಡು ಪಟ್ಟು ಜಾಸ್ತಿ. 2018ರಲ್ಲಿ ಮಾಸ್ಟರ್ಸ್ ಮಾಡೋಕೆ ಹೋಗಿದ್ದ ನಾನು ಅದನ್ನು ಎರಡು ಸಲ ನೋಡಿದೆ. ಒಮ್ಮೆ ಖಾಲಿ ಇದ್ದಾಗ, ಒಮ್ಮೆ ಜನ ತುಂಬಿದಾಗ.

ಮೊದಲ ಸಲ ಹೋಗಿದ್ದು ಆಗಸ್ಟ್‌ನಲ್ಲಿ. ಅಲ್ಲಿ ಅದು ಚಳಿಗಾಲ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್‌ನಿಂದ ಯಾರಾ ನದಿಯ ಪಕ್ಕದಲ್ಲೇ ನಡೆದು, ವಿಲಿಯಂ ಬರಾಕ್ ಹೆಸರಿನ ಕಾಲುಸೇತುವೆ ದಾಟಿದರೆ ಸ್ಟೇಡಿಯಂ. ಪಂದ್ಯ ಇಲ್ಲದ ದಿನ ಟಿಕೆಟ್ ತಗೊಂಡು ಒಳಗೆಲ್ಲ ಸುತ್ತಬಹುದು. ತೋರಿಸುವವರು ಸಂಬಳಕ್ಕಿರುವ ಗೈಡ್‌ಗಳಲ್ಲ, ಕ್ಲಬ್ಬಿನ ಸದಸ್ಯರೇ. ನಮಗೆ ಸಿಕ್ಕಿದ್ದು ತಲೆ ಪೂರ್ತಿ ನೆರೆತ ಒಬ್ಬ ಅಜ್ಜ. ಡ್ರೆಸ್ಸಿಂಗ್ ರೂಮ್, ಲಾಂಗ್ ರೂಮ್ ಎಲ್ಲ ತೋರಿಸಿ ಕೊನೆಗೆ ಬೌಂಡರಿ ಅಂಚಿಗೆ ಕರ್ಕೊಂಡು ಬಂದರು. ಹುಲ್ಲಿನ ಮೇಲೆ ಮಾತ್ರ ಕಾಲಿಡುವಂತಿಲ್ಲ.

ಕಣ್ಣು ಮೊದಲು ಹುಡುಕಿದ್ದು ಪಿಚ್. ಆದ್ರೆ ಅಲ್ಲಿ ಪಿಚ್ಚೇ ಇಲ್ಲ! ಚಳಿಗಾಲದಲ್ಲಿ ಇಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನಡೆಯುತ್ತೆ. ಹಾಗಾಗಿ ಕ್ರಿಕೆಟ್ ಪಿಚ್ಚನ್ನು ಬೇರೆ ಕಡೆ ದೊಡ್ಡ ಟ್ರೇಗಳಲ್ಲಿ ಬೆಳೆಸಿ, ಸೀಸನ್ ಬಂದಾಗ ತಂದು ಕೂರಿಸುತ್ತಾರೆ. ನಮ್ಮ ಕಡೆ ಸಸಿಮಡಿಯಲ್ಲಿ ಬೆಳೆಸಿ ಗದ್ದೆಗೆ ನಾಟಿ ಮಾಡ್ತಾರಲ್ಲ, ಹೆಚ್ಚೂಕಮ್ಮಿ ಹಾಗೇ.

ಈ ನೆಲದ ಚರಿತ್ರೆಯೂ ಮಜವಾಗಿದೆ. ಜಗತ್ತಿನ ಮೊದಲ ಟೆಸ್ಟ್ ನಡೆದದ್ದು 1877ರ ಮಾರ್ಚ್‌ನಲ್ಲಿ, ಇಲ್ಲೇ. ಇಂಗ್ಲೆಂಡ್ ವಿರುದ್ಧ ಆಸ್ಟ್ರೇಲಿಯಾ 45 ರನ್‌ಗಳಿಂದ ಗೆದ್ದಿತು. ನೂರು ವರ್ಷ ಆದ ನೆನಪಿಗೆ 1977ರಲ್ಲಿ ಅವೇ ಎರಡು ದೇಶ ಇಲ್ಲೇ ಮತ್ತೆ ಆಡಿದವು. ಆಗಲೂ ಆಸ್ಟ್ರೇಲಿಯಾ ಗೆದ್ದಿದ್ದು ಸರಿಯಾಗಿ 45 ರನ್‌ಗಳಿಂದಲೇ!

ನಮಗೂ ಇಲ್ಲಿ ಒಂದು ಪಾಲಿದೆ. 1981ರ ಫೆಬ್ರವರಿಯ ಟೆಸ್ಟ್. ಭಾರತದ ಮೊದಲ ಇನ್ನಿಂಗ್ಸ್ 237, ಅದರಲ್ಲಿ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಒಬ್ಬರದ್ದೇ 114. ಕೊನೆಗೆ ಗೆಲ್ಲೋಕೆ ಬರೀ 143 ಬೇಕಿದ್ದ ಆಸ್ಟ್ರೇಲಿಯಾ, ಗಾಯದ ನಡುವೆಯೂ ಬೌಲ್ ಮಾಡಿದ ಕಪಿಲ್ ದೇವ್ ಎದುರು 83ಕ್ಕೆ ಆಲೌಟ್. ನಾನು ಕರ್ನಾಟಕದವನು ಅಂದಿದ್ದಕ್ಕೆ ಆ ಅಜ್ಜ ಕೇಳಿದ ಮೊದಲ ಹೆಸರು ವಿಶ್ವನಾಥ್. ಹೊಸ ಊರಲ್ಲಿ ಯಾರೂ ಪರಿಚಯ ಇಲ್ಲದಾಗ ಅದೆಷ್ಟು ಖುಷಿ ಕೊಡುತ್ತೆ ಅಂತ ಊರು ಬಿಟ್ಟವರಿಗೆ ಗೊತ್ತು.

ಎರಡನೇ ಸಲ ಹೋಗಿದ್ದು ಡಿಸೆಂಬರ್ 26ಕ್ಕೆ, ಬಾಕ್ಸಿಂಗ್ ಡೇ ಟೆಸ್ಟ್‌ಗೆ. ಆಗ ನಾನು ಓದಿನ ಜೊತೆ ಒಂದು ಹೋಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೀತಿದ್ದೆ. ಆ ದಿನ ರಜ ಹಾಕಿದರೆ ಸಂಬಳ ಇಲ್ಲ, ಮೇಲೆ ಟಿಕೆಟ್ ಖರ್ಚು. ಆದ್ರೂ ಹೋದೆ. ಕಾರಣ, ಬೆಂಗಳೂರಿನ ಮಯಾಂಕ್ ಅಗರ್‌ವಾಲ್‌ಗೆ ಅದು ಮೊದಲ ಟೆಸ್ಟ್.

ಮೇಲಿನ ಸ್ಟ್ಯಾಂಡ್‌ನಲ್ಲಿ ಪಕ್ಕದ ಸೀಟಿನವರು ಕೆಂಪು-ಹಳದಿ ಶಾಲು ಹೊದ್ದಿದ್ದರು.

“ಯಾವೂರಪ್ಪಾ?”

“ದಾವಣಗೆರೆ, ಅಂಕಲ್.”

“ತಗೋ, ಚಿತ್ರಾನ್ನ ತಿನ್ನು. ಹುಡುಗ ಇವತ್ತು ಆಡ್ತಾನೆ ನೋಡು.”

ಹುಡುಗ ಆಡಿದ. 161 ಎಸೆತ, 76 ರನ್. ಆಸ್ಟ್ರೇಲಿಯಾ ನೆಲದಲ್ಲಿ ಟೆಸ್ಟ್‌ಗೆ ಕಾಲಿಟ್ಟ ಭಾರತೀಯರ ಪೈಕಿ ಅದೇ ಅತಿ ಹೆಚ್ಚಿನ ಸ್ಕೋರ್. ಅದಕ್ಕೂ ಮುಂಚಿನದು 1947ರಲ್ಲಿ ದತ್ತು ಫಡ್ಕರ್ ಹೊಡೆದ 51.

ಸಂಜೆ ಟ್ರೇನ್‌ನಲ್ಲಿ ಫೋನ್ ನೋಡಿದರೆ ಬೇರೆಯದೇ ಸುದ್ದಿ. ಮಯಾಂಕ್ ರಣಜಿಯಲ್ಲಿ ಹೊಡೆದ ತ್ರಿಶತಕ ಯಾವುದೋ ರೈಲ್ವೆ ಕ್ಯಾಂಟೀನ್ ಸಿಬ್ಬಂದಿ ವಿರುದ್ಧ ಬಂದದ್ದು ಅನ್ನೋ ಅರ್ಥದಲ್ಲಿ ಕಾಮೆಂಟೇಟರ್ ಒಬ್ಬರು ಜೋಕ್ ಮಾಡಿದ್ದರು. ಅಸಲಿಗೆ ಆ 304 ಬಂದದ್ದು 2017ರಲ್ಲಿ ಮಹಾರಾಷ್ಟ್ರದ ವಿರುದ್ಧ. ಆಮೇಲೆ ಅವರು ಕ್ಷಮೆನೂ ಕೇಳಿದರು. ಆದ್ರೆ ಮರುದಿನ ಮತ್ತೆ ಸಿಂಕ್ ಮುಂದೆ ನಿಲ್ಲಬೇಕಿದ್ದ ನನಗೆ ಚುಚ್ಚಿದ್ದು ‘ಕ್ಯಾಂಟೀನ್’ ಅನ್ನೋ ಮಾತು. ಕ್ಯಾಂಟೀನ್‌ನಲ್ಲಿ ಕೆಲಸ ಮಾಡೋರು ಅಂದ್ರೆ ಅಷ್ಟು ಸಸಾರನಾ?

ಅದಕ್ಕೆ ಉತ್ತರ ಈ ಮೈದಾನದ ಹಳೇ ಪುಟದಲ್ಲೇ ಇದೆ. 1866ರ ಡಿಸೆಂಬರ್ 26ರಂದು ಇಲ್ಲಿ ಆಡಿದ್ದು ಮೂಲನಿವಾಸಿಗಳ ಒಂದು ತಂಡ. ಕುರಿ ಸಾಕುವ ದೊಡ್ಡ ಜಮೀನುಗಳಲ್ಲಿ ದುಡಿಯುತ್ತಿದ್ದ ಆಳುಗಳು ಅವರು. ಅವರಲ್ಲಿ ದೊಡ್ಡ ಆಟಗಾರ ಜಾನಿ ಮುಲ್ಲಾ. 2020ರಿಂದ ಬಾಕ್ಸಿಂಗ್ ಡೇ ಟೆಸ್ಟ್‌ನ ಪಂದ್ಯಶ್ರೇಷ್ಠನಿಗೆ ಕೊಡೋದು ಅವರ ಹೆಸರಿನ ಪದಕ. ಅದನ್ನು ಮೊದಲು ಪಡೆದವರು ನಮ್ಮ ಅಜಿಂಕ್ಯ ರಹಾನೆ. ಯಾರದೋ ಜಮೀನಲ್ಲಿ ಆಳಾಗಿದ್ದವನ ಹೆಸರನ್ನು ಈಗ ದೊಡ್ಡ ದೊಡ್ಡ ಕ್ಯಾಪ್ಟನ್‌ಗಳು ಕೊರಳಿಗೆ ಹಾಕ್ಕೋತಾರೆ.

ಆ ಟೆಸ್ಟನ್ನು ಭಾರತ 137 ರನ್‌ಗಳಿಂದ ಗೆದ್ದಿತು. ಮುಂದೆ ಸರಣಿ ಕೂಡ ನಮ್ಮದಾಯ್ತು. ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಸರಣಿ ಅದು.

ನೀವು ಹೋಗೋದಾದ್ರೆ ಖಾಲಿ ಮೈದಾನವನ್ನೂ ನೋಡಿ, ಪಂದ್ಯವನ್ನೂ ನೋಡಿ. ಬೇಸಿಗೆಯಲ್ಲಿ ಟೋಪಿ, ಸನ್‌ಸ್ಕ್ರೀನ್ ಮರೀಬೇಡಿ. ಮನೆ ಊಟ ಒಳಗೆ ಒಯ್ಯಬಹುದು, ಗಾಜಿನ ಬಾಟಲಿ ಮಾತ್ರ ಬೇಡ. ಡಬ್ಬಿಗೆ ಚಿತ್ರಾನ್ನ ಒಂದು ಹಿಡಿ ಜಾಸ್ತಿನೇ ಹಾಕ್ಕೊಳ್ಳಿ. ಪಕ್ಕದ ಸೀಟಲ್ಲಿ ಆಗ ತಾನೆ ಊರು ಬಿಟ್ಟು ಬಂದ ಹುಡುಗನೋ ಹುಡುಗಿಯೋ ಕೂತಿರಬಹುದು.