ಪತ್ರದ ಬೆನ್ನ ಮೇಲಿನ ಮುದ್ರೆಗಳು

ಗೃಹಸ್ಥನ ಬಾಗಿಲಿಗೆ ದಿನವೂ ಬರುವವರು ಅನೇಕರು. ಹಾಲಿನವನು ಬಂದರೆ ಪಾತ್ರೆಯನ್ನು ಒಡ್ಡುತ್ತೇವೆ. ಕಾಯಿಪಲ್ಯದವಳು ಬಂದರೆ ಚೌಕಾಶಿಗೆ ನಿಲ್ಲುತ್ತೇವೆ. ಭಿಕ್ಷುಕನು ಬಂದರೆ ಒಂದು ಹಿಡಿ ಜೋಳವನ್ನು ನೀಡುತ್ತೇವೆ. ಟಪಾಲಿನವನು ಬಂದರೆ ಮಾತ್ರ ಅವನ ಕೈಯನ್ನು ನೋಡುತ್ತೇವೆಯೇ ಹೊರತು ಮೋರೆಯನ್ನು ನೋಡುವದಿಲ್ಲ. ಕಾಗದವು ಕೈಸೇರಿದರೆ ಅದು ಬರೆದವರ ಪ್ರೀತಿ. ಸೇರದಿದ್ದರೆ ಅದು ಟಪಾಲಿನವನ ತಪ್ಪು. ಈ ವಿಚಿತ್ರವಾದ ನ್ಯಾಯವನ್ನು ನಾವೂ ಮೂವತ್ತೈದು ವರ್ಷಗಳ ಕಾಲ ಪಾಲಿಸಿದವರೇ. ಆ ನ್ಯಾಯವು ನಮ್ಮ ಪಾಲಿಗೆ ಹೇಗೆ ಮುರಿದುಬಿತ್ತೆಂಬದನ್ನು ವಾಚಕರ ಮುಂದೆ ನಿವೇದಿಸುವದೇ ಈ ಲೇಖನದ ಉದ್ದೇಶವು.

ನಮ್ಮೂರು ಸಂಕೇಶ್ವರ. ಹಿರಣ್ಯಕೇಶಿ ನದಿಯ ದಂಡೆ. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲು. ರೈಲು ನಮ್ಮೂರಿಗೆ ಬಂದಿಲ್ಲ. ಹೋಗುವ ಬರುವ ಕಾಗದಗಳಿಗೆಲ್ಲ ರಸ್ತೆಯೇ ಗತಿ. ಮಹಾರಾಷ್ಟ್ರದ ಗಡಿಯು ಹತ್ತಿರವಿರುವದರಿಂದ ಒಂದು ವಿಳಾಸವು ಕನ್ನಡದಲ್ಲಿದ್ದರೆ ಇನ್ನೊಂದು ಮರಾಠಿಯಲ್ಲಿರುವದು. ಮೈಸೂರು ಸೀಮೆಯವರು ಅಂಚೆಯೆನ್ನುವದನ್ನು ನಾವು ಟಪಾಲು ಎನ್ನುವೆವು. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳನ ಸಂದೇಶವನ್ನು ದಮಯಂತಿಗೆ ಮುಟ್ಟಿಸಿದ ಪಕ್ಷಿಯ ಹೆಸರೂ ಓಲೆ ಮುಟ್ಟಿಸುವ ವ್ಯವಸ್ಥೆಯ ಹೆಸರೂ ಕಿವಿಗೆ ಒಂದೇ ಆಗಿ ಕೇಳುವದು ಸೊಗಸಾಗಿದೆ. ಆದರೆ ಆ ಹಂಸಕ್ಕೆ ವಿಳಾಸವು ಬೇಕಾಗಿರಲಿಲ್ಲ. ನಮ್ಮ ಕಾಗದಕ್ಕೆ ಬೇಕು. ನಾವು ಎಡವಿದ್ದು ಅಲ್ಲಿಯೇ.

1989ನೆಯ ಇಸವಿಯ ಜುಲೈ ತಿಂಗಳು. ನಾವು ಆಗ ಪ್ರೌಢಶಾಲೆಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆವು. ತಾಯಿಯವರು ಹಾಸಿಗೆ ಹಿಡಿದಿದ್ದರು. ಜ್ವರದ ಬಾಧೆಯಲ್ಲಿಯೂ ಮಗಳ ಹೆಸರನ್ನು ಎರಡು ಮೂರು ಸಲ ಹೇಳಿದರು. ತಂಗಿಯನ್ನು ನಮ್ಮ ಜಿಲ್ಲೆಯಲ್ಲಿಯೇ ಹೊಸೂರಿಗೆ ಕೊಟ್ಟಿತ್ತು. ನಾವು ತಾಯಿಯವರ ಹಾಸಿಗೆಯ ಪಕ್ಕದಲ್ಲಿ ಕುಳಿತು, ಒಂದು ಅಂತರ್ದೇಶೀಯ ಪತ್ರದ ಮೇಲೆ ‘ಕೂಡಲೇ ಹೊರಟು ಬಾ’ ಎಂದು ಬರೆದು, ಟಪಾಲು ಪೆಟ್ಟಿಗೆಗೆ ಹಾಕಿ ಬಂದೆವು. ನಮ್ಮ ಮನೆಯಲ್ಲಾಗಲಿ ಅವಳ ಮನೆಯಲ್ಲಾಗಲಿ ಆಗ ದೂರವಾಣಿ ಇರಲಿಲ್ಲ. ದಿನಕ್ಕೊಮ್ಮೆ ಬಸ್ಸಿನ ನಿಲ್ದಾಣದತ್ತ ನೋಡುವದಾಯಿತು, ತಂಗಿ ಬರಲಿಲ್ಲ. ಹದಿನೇಳನೆಯ ತಾರೀಖು ತಾಯಿಯವರು ತೀರಿಕೊಂಡರು. ಚಿಕ್ಕಪ್ಪನವರು ತಂತಿಯನ್ನು ಕಳಿಸಿದರು. ಅದು ಅದೇ ಸಂಜೆಗೆ ಮುಟ್ಟಿತು. ತಂಗಿ ಬಂದಾಗ ಚಿತೆ ಆರಿತ್ತು. ‘ಅಣ್ಣಾ, ಅವ್ವಗ ಆರಾಮ ಇಲ್ಲಂತ ಒಂದು ಕಾಗದಾನೂ ಬರೀಲಿಲ್ಲಲ್ಲಾ’ ಎಂದು ಅವಳು ಅತ್ತ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ.

ಬರೆದದ್ದು ಸುಳ್ಳೇ? ದುಃಖಕ್ಕೆ ಒಬ್ಬ ಅಪರಾಧಿ ಬೇಕಾಗಿದ್ದನು. ಪೆಟ್ಟಿಗೆಯ ಬೀಗ ತೆಗೆಯುವ ಕೆಲಸವೂ ನಮ್ಮ ಓಣಿಯ ಟಪಾಲಿನವರದೇ ಆಗಿತ್ತು. ಹದಿಮೂರನೆಯ ದಿನ ಮುಗಿದ ಮೇಲೆ ಅವರು ಕಾರ್ಡುಗಳನ್ನು ಕೊಡಲಿಕ್ಕೆ ಬಂದಾಗ ನಾಲ್ಕು ಜನರ ಮುಂದೆ ಆಡಬಾರದ್ದನ್ನು ಆಡಿದೆವು. ಪೆಟ್ಟಿಗೆಯಲ್ಲಿ ಕಾಗದಗಳು ಕೊಳೆಯುತ್ತ ಬಿದ್ದಿರುತ್ತವೆಂದೆವು. ಸರಕಾರದ ಅನ್ನವು ದಂಡವೆಂದೆವು. ಅವರು ನಮಗಿಂತ ಹಿರಿಯರು. ‘ತಪ್ಪಾಗಿದ್ದರೆ ಕ್ಷಮಾ ಮಾಡ್ರಿ, ಗುರುಗಳೇ’ ಎಂದಷ್ಟೇ ಹೇಳಿ, ಸೈಕಲ್ಲನ್ನು ತಿರುಗಿಸಿಕೊಂಡು ಹೋದರು. ಅನಂತರವೂ ಬಹು ವರ್ಷಗಳವರೆಗೆ ನಮ್ಮ ಮನೆಗೆ ಕಾಗದಗಳನ್ನು ತಂದರು. ನಾವು ಬಾಗಿಲಲ್ಲಿ ನಿಂತು ಇಸಿದುಕೊಂಡೆವೇ ಹೊರತು ಒಂದು ಲೋಟ ನೀರಿಗೂ ಕರೆಯಲಿಲ್ಲ.

ಈಗ ಕಳೆದ ದೀಪಾವಳಿಯ ಮಾತು. ತಂಗಿಯ ಮನೆಗೆ ಹೋದಾಗ ಅವಳು ತನ್ನ ಹಳೆಯ ಟ್ರಂಕನ್ನು ತೆಗೆದು, ಮಡಿಚಿಟ್ಟಿದ್ದ ಒಂದು ನೀಲಿಯ ಪತ್ರವನ್ನು ನಮ್ಮ ಕೈಯಲ್ಲಿಟ್ಟಳು. ಅದೇ ಪತ್ರ! ತಾಯಿಯವರು ತೀರಿದ ಐದನೆಯ ದಿನ ಅದು ಅವಳ ಮನೆಗೆ ಮುಟ್ಟಿತ್ತು. ಅವಳು ತವರಿನಿಂದ ಮರಳಿದ ಮೇಲೆ ಅದನ್ನೋದಿ, ನಮಗೆ ನೋವಾದೀತೆಂದು ಹೇಳದೆ ಇಟ್ಟುಬಿಟ್ಟಿದ್ದಳು. ನಾವು ವಿಳಾಸದ ಬದಿಯನ್ನು ನೋಡಿದೆವು. ನಮ್ಮದೇ ದುಂಡನೆಯ ಅಕ್ಷರ; ತಂಗಿಯ ಹೆಸರು; ಕೆಳಗೆ ‘ಮು. ಪೋ. ಹೊಸೂರು’. ಇಷ್ಟೇ! ತಾಲೂಕಿಲ್ಲ, ಜಿಲ್ಲೆಯಿಲ್ಲ, ಪಿನ್ ಸಂಖ್ಯೆಯಿಲ್ಲ. ಅಂದಿನ ಗಾಬರಿಯಲ್ಲಿ ನಮಗೆ ಲೋಕದಲ್ಲಿ ಇದ್ದದ್ದು ಒಂದೇ ಹೊಸೂರು. ಭೂಪಟದಲ್ಲಿ ಎಷ್ಟು ಹೊಸೂರುಗಳಿವೆಯೆಂಬದನ್ನು ಶಾಲೆಯ ಹುಡುಗನೂ ಬಲ್ಲನು.

ಪತ್ರವನ್ನು ಹೊರಳಿಸಿದೆವು. ಅದರ ಮೈಮೇಲೆ ನಾಲ್ಕು ಮುದ್ರೆಗಳು. ಮೊದಲನೆಯದು ಸಂಕೇಶ್ವರದ್ದು: 11 ಜುಲೈ, ಅಂದರೆ ನಾವು ಪೆಟ್ಟಿಗೆಗೆ ಹಾಕಿದ ದಿನವೇ. ನಮ್ಮ ಓಣಿಯ ಟಪಾಲಿನವರು ಅಂದೇ ಬೀಗ ತೆಗೆದಿದ್ದರು. ಅಂದೇ ಮುದ್ರೆ ಬಿದ್ದಿತ್ತು. ಎರಡನೆಯದು ತಮಿಳುನಾಡಿನ ಹೊಸೂರಿನದು: 15 ಜುಲೈ. ಬರಿಯ ಹೊಸೂರೆಂದು ಬರೆದರೆ ದೊಡ್ಡ ಹೊಸೂರಿಗೆ ಹೋಗದೆ ಮತ್ತೆಲ್ಲಿಗೆ ಹೋಗಬೇಕು? ನಡುವೆ ಒಂದು ರವಿವಾರ. ಮೂರನೆಯದು ಬೆಳಗಾವಿಯದು: 20 ಜುಲೈ. ನಾಲ್ಕನೆಯದು ತಂಗಿಯ ಊರಿನದು: 22 ಜುಲೈ. ನೆಟ್ಟಗೆ ಹೋಗಿದ್ದರೆ ಎರಡು ಮೂರು ದಿನಗಳ ದಾರಿ. ತಾಯಿಯವರ ಕಣ್ಣು ತೆರೆದಿರುವಾಗಲೇ ಮಗಳು ಬಂದು ನಿಲ್ಲುತ್ತಿದ್ದಳು.

ಇನ್ನೊಂದು ಮಾತನ್ನು ಹೇಳಲೇಬೇಕು. ಪತ್ರದ ಅಂಚಿನಲ್ಲಿ ಕೆಂಪು ಮಸಿಯಲ್ಲಿ ಇಂಗ್ಲೀಷಿನಲ್ಲಿ ಯಾರೋ ‘ಬೆಳಗಾವಿ ಜಿಲ್ಲೆಯಲ್ಲಿ ನೋಡಿರಿ’ ಎಂಬ ಅರ್ಥದ ಎರಡು ಮಾತುಗಳನ್ನು ಬರೆದಿದ್ದರು. ಇಂಥ ಹೆಸರಿನವರು ಇಲ್ಲಿಲ್ಲವೆಂದು ಕಳಿಸಿದವರಿಗೆ ಮರಳಿಸಿಬಿಟ್ಟಿದ್ದರೂ ಅವರನ್ನು ಕೇಳುವವರು ಯಾರು? ಆದರೆ ಆ ಪುಣ್ಯಾತ್ಮರು ಪತ್ರದ ಹಿಂಬದಿಯಲ್ಲಿದ್ದ ನಮ್ಮ ವಿಳಾಸವನ್ನು ಓದಿ, ‘ಸಂಕೇಶ್ವರದವರು ಬರೆದ ಹೊಸೂರು ಅದೇ ಸೀಮೆಯದಿರಬೇಕು’ ಎಂದು ತರ್ಕಿಸಿದ್ದರು. ಬೆಳಗಾವಿಯಲ್ಲಿ ಮತ್ತೊಂದು ಕೈಯು ನೀಲಿ ಮಸಿಯಲ್ಲಿ ತಾಲೂಕಿನ ಹೆಸರನ್ನು ಸೇರಿಸಿತ್ತು. ನಾವು ಬರೆಯದೆ ಬಿಟ್ಟದ್ದನ್ನು ನಮ್ಮನ್ನು ಕಂಡರಿಯದ ಇಬ್ಬರು ತುಂಬಿದ್ದರು. ಮಾಸ್ತರನಾಗಿ ‘ಪತ್ರಲೇಖನ’ದ ಪಾಠದಲ್ಲಿ ವಿಳಾಸ ಬರೆಯದ ಹುಡುಗರ ಅಂಕಗಳನ್ನು ಕಡಿಯುತ್ತಿದ್ದವರು ನಾವೇ!

ಊರಿಗೆ ಮರಳಿದ ಮೇಲೆ ಮನಸ್ಸು ತಡೆಯಲಿಲ್ಲ. ಈ ಕೆಲಸವು ಹೇಗೆ ನಡೆಯುವದೆಂಬದನ್ನು ಕಣ್ಣಾರೆ ಕಾಣಬೇಕೆಂದು ಒಂದು ಮುಂಜಾನೆ ಟಪಾಲು ಕಚೇರಿಗೆ ಹೋದೆವು. ಒಳಗೆ ಪರರಿಗೆ ಪ್ರವೇಶವಿಲ್ಲ, ಅದು ಸರಿಯಾದದ್ದೇ. ನಮ್ಮ ಶಿಷ್ಯನೊಬ್ಬನು ಅಲ್ಲಿ ನೌಕರಿಯಲ್ಲಿರುವನು. ಹೊರಗಿನ ಬಾಕಿನ ಮೇಲೆ ನಮ್ಮನ್ನು ಕುಳ್ಳಿರಿಸಿ, ‘ಗುರುಗಳೇ, ಇಲ್ಲಿಂದಲೇ ನೋಡ್ರಿ, ಕೇಳಿದ್ದಕ್ಕ ನಾ ಹೇಳತೀನಿ’ ಎಂದನು. ಗುರುಶಿಷ್ಯರ ಸ್ಥಾನಗಳು ಅಂದು ಬದಲಾದವು.

ಚೀಲವು ಬಂದೊಡನೆ ಬಿಚ್ಚುವದಿಲ್ಲ. ಮೊದಲು ಅದರ ಬಾಯಿಗೆ ಹಾಕಿದ ಮುದ್ರೆಯು ಸರಿಯಾಗಿದೆಯೇ ಎಂದು ನೋಡುವರು. ಹಿಂದೆ ಅದಕ್ಕೆ ದಾರ ಬಿಗಿದು ಅರಗಿನ ಮುದ್ರೆ ಒತ್ತುತ್ತಿದ್ದರು. ಬಿಚ್ಚಿದ ಮೇಲೆ ಒಳಗಿನ ಪಟ್ಟಿಯೊಡನೆ ಲೆಕ್ಕದ ಕಾಗದಗಳನ್ನು ತಾಳೆ ನೋಡುವರು. ಪಟ್ಟೆಪಟ್ಟೆಯ ಗುರುತಿರುವವುಗಳನ್ನು ಯಂತ್ರಕ್ಕೆ ತೋರಿಸಿ ದಾಖಲೆ ಮಾಡುವರು. ಉಳಿದವುಗಳನ್ನು ಓಣಿಗಳ ಪ್ರಕಾರ ಹಂಚುವರು. ಒಬ್ಬ ಟಪಾಲಿನವನು ತಿರುಗುವ ಓಣಿಗಳಿಗೆ ಒಂದು ‘ಬೀಟು’ ಎಂದು ಹೆಸರು. ಮುಂದೆ ಪ್ರತಿಯೊಬ್ಬನೂ ತನ್ನ ಪಾಲಿನ ಕಾಗದಗಳನ್ನು ತಾನು ನಡೆಯುವ ಕ್ರಮದಲ್ಲಿ, ಮೊದಲ ಮನೆಯದು ಮೇಲೆ, ಕೊನೆಯ ಮನೆಯದು ಕೆಳಗೆ ಬರುವಂತೆ ಜೋಡಿಸಿಕೊಳ್ಳುವನು. ವೇದಪಾಠಕನಿಗೆ ಮಂತ್ರಗಳ ಕ್ರಮವು ಹೇಗೋ ಅವನಿಗೆ ಮನೆಗಳ ಕ್ರಮವು ಹಾಗೆ. ಹಳ್ಳಿಗಳ ಶಾಖಾ ಕಚೇರಿಗಳಿಗೆ ಬೇರೆ ಚೀಲಗಳು ಹೊರಡುವವು. ಅಲ್ಲಿ ಗ್ರಾಮೀಣ ಡಾಕ್ ಸೇವಕರು ಅವುಗಳನ್ನು ಮನೆಮನೆಗೆ ಮುಟ್ಟಿಸುವರು.

ಹೊರಟುಹೋಗುವ ಕಾಗದಗಳ ದಾರಿ ಇದರ ವಿಲೋಮ. ಪೆಟ್ಟಿಗೆಗಳಿಂದ ತಂದವುಗಳ ಮೋರೆಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಿ, ತಿಕೀಟಿನ ಮೇಲೆ ತಾರೀಖಿನ ಮುದ್ರೆ ಹೊಡೆದು, ಕಟ್ಟುಗಳನ್ನು ಮಾಡಿ ದೊಡ್ಡ ವಿಂಗಡಣೆಯ ಕಚೇರಿಗೆ ಕಳಿಸುವರು. ಅಲ್ಲಿ ಗೋಡೆಯುದ್ದಕ್ಕೂ ಪಾರಿವಾಳದ ಗೂಡುಗಳಂಥ ಖಾನೆಗಳಿರುವವು. ಒಂದೊಂದು ದಿಕ್ಕಿಗೆ ಒಂದೊಂದು ಖಾನೆ. ಹಿಂದಿನ ಕಾಲದಲ್ಲಿ ಈ ಕೆಲಸವು ಓಡುವ ರೈಲಿನಲ್ಲಿಯೂ ನಡೆಯುತ್ತಿತ್ತು. ಡಬ್ಬಿಯು ಅಲುಗಾಡುತ್ತಿರುವಾಗ, ಮುಂದಿನ ನಿಲ್ದಾಣ ಬರುವದರೊಳಗಾಗಿ ಅದರ ಚೀಲವು ಸಿದ್ಧವಾಗಬೇಕು. ವಿಂಗಡಿಸುವವನಿಗೆ ಒಂದು ಕಾಗದಕ್ಕೆ ದೊರೆಯುವ ಸಮಯವು ಕಣ್ಣೆವೆಯಷ್ಟು. ಅಷ್ಟರಲ್ಲಿ ಅವನು ನಮ್ಮ ಅಕ್ಷರವನ್ನೋದಿ ಊರನ್ನು ನಿಶ್ಚಯಿಸಬೇಕು.

ಈ ಕಷ್ಟದ ಪರಿಹಾರವು ಒಬ್ಬ ಸಂಸ್ಕೃತ ಪಂಡಿತರಿಂದ ಬಂದಿತೆಂಬದು ನಮಗೆ ವಿಶೇಷವಾದ ಸಂತೋಷ. ಕೇಂದ್ರ ಸರಕಾರದ ಸಂಪರ್ಕ ಮಂತ್ರಾಲಯದಲ್ಲಿ ದೊಡ್ಡ ಅಧಿಕಾರಿಗಳಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದಲ್ಲಿ ಕಾವ್ಯನಾಟಕಗಳನ್ನು ರಚಿಸಿದವರು. ಒಂದೇ ಹೆಸರಿನ ಊರುಗಳು, ನಾನಾ ಲಿಪಿಗಳು, ತಿಳಿಯದ ಬರವಣಿಗೆ ಇವುಗಳಿಂದಾಗುವ ತೊಡಕನ್ನು ನೀಗಲು ಅವರು ರೂಪಿಸಿದ ಆರು ಅಂಕಿಗಳ ಪಿನ್ ಸಂಖ್ಯೆಯು 1972ನೆಯ ಆಗಸ್ಟ್ 15ರಂದು ಜಾರಿಗೆ ಬಂದಿತು. ಮೊದಲನೆಯ ಅಂಕಿಯು ದೇಶದ ವಿಭಾಗವನ್ನು ಹೇಳುವದು. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳು. ಮೊದಲ ಮೂರು ಅಂಕಿಗಳು ಕೂಡಿ ವಿಂಗಡಣೆಯ ಜಿಲ್ಲೆಯನ್ನು ಹೇಳುವವು. ಕೊನೆಯ ಮೂರು ಅಂಕಿಗಳು ಕಾಗದವನ್ನು ಹಂಚುವ ಕಚೇರಿಯನ್ನು. ಗೋಕಾಕವು 591307, ಹುಕ್ಕೇರಿ 591309, ಮೂಡಲಗಿ 591312, ನಮ್ಮ ಸಂಕೇಶ್ವರ 591313. ಗುಜರಾಥದಲ್ಲಿ ಶಂಖೇಶ್ವರವೆಂಬ ಜೈನತೀರ್ಥವಿದೆ. ಹೆಸರನ್ನು ಅವಸರದಲ್ಲಿ ಓದುವ ಕಣ್ಣಿಗೆ ಎರಡೂ ಒಂದೇ. ಆದರೆ ಅದರ ಸಂಖ್ಯೆಯು 3ರಿಂದ ಆರಂಭವಾಗುವದರಿಂದ ಭ್ರಾಂತಿಗೆ ಎಡೆಯಿಲ್ಲ. ಅಕ್ಷರಗಳು ಕಡಿಮೆಯಿರಬೇಕು, ಸಂದೇಹವು ಇರಬಾರದು ಎಂಬದು ನಮ್ಮ ಶಾಸ್ತ್ರಗಳಲ್ಲಿ ಸೂತ್ರದ ಲಕ್ಷಣವು. ಆರು ಅಂಕಿಗಳಲ್ಲಿ ಒಂದು ದೇಶವನ್ನೇ ಅಡಗಿಸಿದ ಇದು ಸೂತ್ರವಲ್ಲದೆ ಮತ್ತೇನು?

ಅಷ್ಟೂ ಪ್ರಯತ್ನಿಸಿದ ಮೇಲೆ ವಿಳಾಸದಾರನು ಸಿಕ್ಕದಿದ್ದರೆ ಕಾಗದವು ಕಳಿಸಿದವನಿಗೆ ಮರಳುವದು. ಕಳಿಸಿದವನ ವಿಳಾಸವೂ ಇಲ್ಲದಿದ್ದರೆ ಅದಕ್ಕೆಂದೇ ಬೇರೆ ಕಚೇರಿಯಿದೆ. ಸುಳಿವಿಗಾಗಿ ಅಂಥ ಕಾಗದವನ್ನು ಒಡೆಯುವ ಅಧಿಕಾರವು ಅಲ್ಲಿಯವರಿಗೆ ಮಾತ್ರ. ಹೀಗೆ ಎಷ್ಟೋ ಕೈಗಳನ್ನು ದಾಟುವ ಕಾಗದದ ಒಳಗನ್ನು ಯಾವ ಕೈಯೂ ನೋಡುವಂತಿಲ್ಲ. ಹೊರಗನ್ನು ಮಾತ್ರ ಎಲ್ಲರೂ ಎಚ್ಚರದಿಂದ ಓದಬೇಕು. ಹಿಂದೊಮ್ಮೆ ದೂರವು ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. 1854ರಲ್ಲಿ ಆ ಪದ್ಧತಿಯು ಹೋಗಿ, ಪತ್ರವು ದೇಶದ ಯಾವ ಮೂಲೆಗೆ ಹೋಗುವದಿದ್ದರೂ ಬರಿಯ ತೂಕದ ಮೇಲೆ ಒಂದೇ ದರವಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ದೂರದ ಭಾರವನ್ನು ವ್ಯವಸ್ಥೆಯು ತಾನೇ ಹೊತ್ತುಕೊಂಡಿತು. ನಮ್ಮ ಪಾಲಿಗೆ ಉಳಿದದ್ದು ನಾಲ್ಕು ಸಾಲಿನ ವಿಳಾಸ.

ಈಗ ಪ್ರೀತಿಯ ಪತ್ರಗಳು ಕಡಿಮೆಯಾಗಿವೆ. ತಂತಿಯು 2013ರಲ್ಲಿ ನಿಂತುಹೋಯಿತು. ರಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಕೂಡಿಹೋಯಿತು. ನಾವು ನೋಡಿದ ದಿನ ಆ ಮೇಜಿನ ಮೇಲಿದ್ದವುಗಳಲ್ಲಿ ಬ್ಯಾಂಕಿನ ಲಕೋಟೆಗಳು, ನ್ಯಾಯಾಲಯದ ನೋಟೀಸುಗಳು, ಸಾಮಾನಿನ ಪೊಟ್ಟಣಗಳೇ ಹೆಚ್ಚು. ಆದರೂ ಒಬ್ಬ ಹುಡುಗನ ನೌಕರಿಯ ಆಜ್ಞೆಯೋ ಒಬ್ಬ ಮುದುಕಿಯ ಪೆನ್ಶನ್ನಿನ ಕಾಗದವೋ ಅದೇ ಚೀಲದಲ್ಲಿರಬಹುದಲ್ಲವೆ?

ಕಚೇರಿಯಿಂದ ಹೊರಟವರು ನೆಟ್ಟಗೆ ನಮ್ಮ ಓಣಿಯ ಆ ಟಪಾಲಿನವರ ಮನೆಗೆ ಹೋದೆವು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಅವರ ಹೆಂಡತಿಯವರಿದ್ದರು. ನಾವು ಪತ್ರವನ್ನು ತೋರಿಸಿ, ಅಂದು ಆಡಿದ ಮಾತುಗಳನ್ನೂ ಇಂದು ತಿಳಿದದ್ದನ್ನೂ ಹೇಳಿ ಕೈಮುಗಿದೆವು. ಆ ತಾಯಿಯವರು ನಮ್ಮ ಮೋರೆಯನ್ನೇ ನೋಡಿದರು. ಅವರಿಗೆ ಆ ಪ್ರಸಂಗವೇ ಗೊತ್ತಿರಲಿಲ್ಲ. ನಾಲ್ಕು ಜನರ ಮುಂದೆ ಕೇಳಿಸಿಕೊಂಡ ಮಾತನ್ನು ಅವರು ಮನೆಗೆ ತಂದು ಹೇಳಿರಲಿಲ್ಲ. ‘ಚಹಾ ಕುಡದು ಹೋಗ್ರಿ’ ಎಂದರು. ಕುಡಿದು ಬಂದೆವು.

ಪ್ರಿಯ ವಾಚಕರೇ, ಮನೆಯ ಮಕ್ಕಳಿಗೆ ವಿಳಾಸ ಬರೆಯುವದನ್ನು ಕಲಿಸಿರಿ. ಹೆಸರು, ಮನೆ, ಓಣಿ, ಊರು, ತಾಲೂಕು, ಜಿಲ್ಲೆ, ಆರು ಅಂಕಿಗಳು. ಹಿಂಬದಿಯಲ್ಲಿ ಕಳಿಸುವವರದೂ ಅಷ್ಟೇ ಪೂರ್ಣವಾಗಿ. ನಮ್ಮ ಪತ್ರವನ್ನು ಕೊನೆಗಾದರೂ ದಡ ಸೇರಿಸಿದ್ದು ಆ ಹಿಂಬದಿಯ ಎರಡು ಸಾಲುಗಳೇ. ನಾಳೆ ಟಪಾಲಿನವನು ಬಾಗಿಲಿಗೆ ಬಂದಾಗ ಅವನ ಕೈಯನ್ನು ನೋಡುವ ಮೊದಲು ಮೋರೆಯನ್ನೊಮ್ಮೆ ನೋಡಿರಿ. ಬಿಸಿಲಿನ ಹೊತ್ತಾಗಿದ್ದರೆ ಒಂದು ಲೋಟ ನೀರನ್ನೂ ಕೊಡಿರಿ. ನಮಗೆ ಆ ಪುಣ್ಯವು ತಪ್ಪಿಹೋಯಿತು, ನಿಮಗೆ ತಪ್ಪದಿರಲಿ.