ಯಶವಂತಪುರಕ್ಕೆ ಬಂದ ರೋಮನ್ ಬೆಳ್ಳಿ

ಬೆಂಗಳೂರಿನ ಮಲ್ಲೇಶ್ವರದ 18ನೇ ಕ್ರಾಸ್ ದಾಟಿ, ಟಾಟಾ ಇನ್‌ಸ್ಟಿಟ್ಯೂಟ್ ಹಾದು ಯಶವಂತಪುರಕ್ಕೆ ಬಂದಿದ್ದೀರಿ. ಎದುರಿಗೆ ಮಂಡಿಯ ಈರುಳ್ಳಿ ಲಾರಿಗಳ ಸಾಲು. 1891ರಲ್ಲಿ ಇಲ್ಲಿಯ ನೆಲದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಂಥದ್ದೊಂದು ದಿನಾರಿಯಸ್ ಈಗ ನಿಮ್ಮ ಅಂಗೈಯಲ್ಲಿದೆಯೆಂದುಕೊಳ್ಳಿ. ತೂಕ 3.8 ಗ್ರಾಂ ಆಸುಪಾಸು. ಒಂದು ಮುಖದಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸ್‌ನ ತಲೆ. ತಿರುಗಿಸಿ: ಗುರಾಣಿ, ಈಟಿ ಹಿಡಿದು ನಿಂತ ಅವನ ಮೊಮ್ಮಕ್ಕಳಿಬ್ಬರು. ಭಾರತದಲ್ಲಿ ಹೆಚ್ಚು ಸಿಗುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಈ ಅಚ್ಚಿನದೂ ಒಂದು.

ಇದು ಹುಟ್ಟಿದ ಕಡೆಗೆ ಹೋಗೋಣ. ಎರಡು ಸಾವಿರ ವರ್ಷ ಹಿಂದೆ, ಸ್ಪೇನಿನ ಒಂದು ಗಣಿ. ಕಾಲಡಿಯಲ್ಲಿ ಕಪ್ಪು ಕಿಟ್ಟದ ರಾಶಿ, ಮೂಗಿಗೆ ಗಂಧಕದ ಘಾಟು. ಗುಲಾಮರು ಹೊತ್ತು ತಂದ ಅದಿರನ್ನು ಕುಟ್ಟಿ, ತೊಳೆದು, ಕುಲುಮೆಗೆ ಸುರಿಯುತ್ತಾರೆ. ಮೊದಲು ಇಳಿದು ಬರುವುದು ಸೀಸ. ಬೆಳ್ಳಿ ಅದರೊಳಗೇ ಕರಗಿ ಕೂತಿದೆ. ಟನ್‌ಗಟ್ಟಲೆ ಸೀಸಕ್ಕೆ ಕೆಲವೇ ಕಿಲೋ.

ಮುಂದಿನದು ಪುಟಕ್ಕಿಡುವ ಕೆಲಸ. ಮೂಳೆಯ ಬೂದಿ ಮೆತ್ತಿದ ಗುಳಿಯಲ್ಲಿ ಸೀಸ ಕುದಿಯುವಂತೆ ಕೆಂಪಗಾಗಿದೆ, ತಿದಿ ಎಡೆಬಿಡದೆ ಗಾಳಿ ಊದುತ್ತಿದೆ. ಗಾಳಿ ತಾಗಿದ ಸೀಸ ಭಸ್ಮವಾಗಿ ಬೂದಿಯೊಳಕ್ಕೆ ಇಂಗುತ್ತದೆ. ಬೆಳ್ಳಿಗೆ ಆ ಗಾಳಿ ಏನೂ ಮಾಡದು. ಹತ್ತಿರ ಬಾಗಿ ನೋಡಿ. ಮೇಲ್ಮೈಯಲ್ಲಿ ಬಣ್ಣಬಣ್ಣದ ಪೊರೆ ಓಡಾಡಿ, ತೆಳ್ಳಗಾಗಿ, ಹರಿಯುತ್ತದೆ. ಛಕ್ಕೆಂದು ಒಂದು ಮಿಂಚು. ಗುಳಿಯಲ್ಲಿ ಬೆಳ್ಳಿಯ ಗುಂಡು ಉಳಿದಿದೆ. ಇಂಥ ಕುಲುಮೆಗಳ ಹೊಗೆಯ ಸೀಸ ಗ್ರೀನ್‌ಲ್ಯಾಂಡಿನ ಹಿಮಪದರದಲ್ಲೂ ಸಿಕ್ಕಿದೆ.

ಫ್ರಾನ್ಸಿನ ಲಿಯಾನ್ ಟಂಕಸಾಲೆಯಲ್ಲಿ ಆ ಬೆಳ್ಳಿಯ ಕಾದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯ ಒಂದೇ ಏಟು. ಆಮೇಲೆ ಕೆಂಪು ಸಮುದ್ರ, ಮುಂಗಾರಿನ ಗಾಳಿ, ಮಲಬಾರಿನ ಬಂದರು, ಘಟ್ಟದ ದಾರಿ. ಅತ್ತ ಹೋಗಿದ್ದು ಮೆಣಸು, ಮುತ್ತು, ಬಟ್ಟೆ. ಭಾರತಕ್ಕೆ ವರ್ಷವರ್ಷ 5 ಕೋಟಿ ಸೆಸ್ಟರ್ಸ್ ಹಣ ಹೋಗುತ್ತಿದೆಯೆಂದು ರೋಮಿನ ಲೇಖಕ ಪ್ಲಿನಿ ಗೊಣಗಿದ್ದಾನೆ.

ಇಲ್ಲಿಯ ವರ್ತಕನಿಗೆ ಬೆಳ್ಳಿ ದುಡ್ಡು ಹೊಸತಲ್ಲ. ಸೂರ್ಯ, ಬೆಟ್ಟ, ಎತ್ತಿನ ಠಸ್ಸೆ ಒತ್ತಿದ ಕಾರ್ಷಾಪಣಗಳು ಅದಕ್ಕೂ ಕೆಲವು ಶತಮಾನ ಮುಂಚಿನಿಂದ ದೇಶದಲ್ಲಿ ಓಡಾಡುತ್ತಿದ್ದವು. ನಮ್ಮ ಸೀಮೆಯ ಮಣ್ಣಿನಲ್ಲಿ ಚಿನ್ನವಿತ್ತು. ಬೆಳ್ಳಿ ಮಾತ್ರ ಹೊರಗಿಂದ ಬರಬೇಕಿತ್ತು. ಅಗಸ್ಟಸ್ ಯಾರೆಂದು ವರ್ತಕನಿಗೆ ಗೊತ್ತಿರಬೇಕಿಲ್ಲ, ತಕ್ಕಡಿ ಹೇಳಿದರೆ ಸಾಕು. ಆ ನಾಣ್ಯದಲ್ಲಿ ನೂರಕ್ಕೆ 97ಕ್ಕೂ ಮಿಕ್ಕು ಬೆಳ್ಳಿ; ಇಂದು ಸಂಪಿಗೆ ರಸ್ತೆಯ ಅಂಗಡಿಯಲ್ಲಿ ಸ್ಟರ್ಲಿಂಗ್ ಎಂದು ಮಾರುವುದು 92.5.

ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ನಾಣ್ಯದ ತೂಕ ಇಳಿಸಿ ತಾಮ್ರ ಬೆರೆಸಿದ. ಆ ಹೊಸ ದಿನಾರಿಯಸ್ ಭಾರತದ ನಿಧಿಗಳಲ್ಲಿ ಸಿಗುವುದು ಬಲು ಅಪರೂಪ. ರೋಮಿನಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಚಲಾವಣೆಯಾಗಿದ್ದು ಇಲ್ಲಿ ತಕ್ಕಡಿ, ಒರೆಗಲ್ಲು ಒಪ್ಪದೆ ನಡೆಯಲಿಲ್ಲ.